ಅತ್ತೆ ಮನೆಯ ನೀರಿಗೆ ಬೀಗ

ಅವಳು ಬೀದಿಗೆ ಕಾಲಿಟ್ಟರೆ ಅರ್ಧಕ್ಕರ್ಧ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ನಗರದ ನೀರು ಸರಬರಾಜು ಕಚೇರಿಯಲ್ಲಿ ಬಾಕಿ ವಸೂಲಿ ಅವಳ ಕೆಲಸ. ಮೊದಲು ಬಿಲ್ಲು, ಆಮೇಲೆ ನೋಟಿಸು, ಅದಕ್ಕೂ ಜಗ್ಗದಿದ್ದರೆ ಗೇಟಿನ ಬಳಿಯ ಮೀಟರ್ ಪೆಟ್ಟಿಗೆ ತೆರೆದು, ವಾಲ್ವ್ ತಿರುಗಿಸಿ, ಬೀಗ. ಹಾಗಾಗಿ ಊರಿಗೆಲ್ಲ ಅವಳು ಬೀಗದಕ್ಕ. ನೆಪಗಳನ್ನು ಕೇಳಿ ಕೇಳಿ ಅವಳ ಕಿವಿ ಕಲ್ಲಾಗಿತ್ತು. ಒಬ್ಬಾತ ಮುಖದ ತುಂಬ ಸೋಪು ಹಚ್ಚಿಕೊಂಡೇ ಹೊರಗೆ ಬಂದು, ತಮ್ಮ ಮನೆಯಲ್ಲಿ ನೀರು ಬಳಸುವುದೇ ಇಲ್ಲ ಎಂದು ವಾದಿಸಿದ್ದ.

ಒಂದು ಬೆಳಿಗ್ಗೆ ಮೇಲಧಿಕಾರಿ ಆ ದಿನದ ವಿಳಾಸಗಳನ್ನು ಕೊಡುವಾಗ ಒಂದರ ಮೇಲೆ ಬೆರಳಿಟ್ಟರು.

“ಇದರಲ್ಲಿ ನಿಮ್ಮ ಮನೇನೂ ಇದೆಯಲ್ಲಮ್ಮ.”

“ಗೊತ್ತು ಸಾರ್. ಮನೆ ನಮ್ಮತ್ತೆ ಹೆಸರಲ್ಲಿದೆ.”

“ಬೇರೆ ಯಾರನ್ನಾದ್ರೂ ಕಳಿಸ್ಲಾ?”

“ಬೇಡ. ಆಮೇಲೆ ಯಾರ ಗೇಟಿಗೆ ಹೋದ್ರೂ, ಮೊದಲು ನಿಮ್ಮತ್ತೆ ಮನೆಗೆ ಬೀಗ ಹಾಕ್ಕೊಂಡು ಬಾ ಅಂತಾರೆ.”

ಕಚೇರಿಯಲ್ಲಿ ನಿಂತು ಹೇಳುವಾಗ ಧೈರ್ಯವಿತ್ತು. ತನ್ನ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಅದು ಅಂಗಾಲಿಗೆ ಇಳಿದಿತ್ತು.

ಅತ್ತೆ ಕೈಯಲ್ಲಿ ಕಾಸಿಲ್ಲದೆ ಬಾಕಿ ಇಟ್ಟವರಲ್ಲ. ಬಿಲ್ಲು ಇದ್ದಕ್ಕಿದ್ದಂತೆ ದುಪ್ಪಟ್ಟಾದ ದಿನವೇ ಮೀಟರನ್ನು ಕಳ್ಳ ಎಂದು ತೀರ್ಮಾನಿಸಿ, ಕಳ್ಳನಿಗೆ ದುಡ್ಡು ಕೊಡುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ಮೀಟರ್ ಪರೀಕ್ಷೆಗೆ ಅರ್ಜಿ ಕೊಡಿ ಎಂದು ಸೊಸೆ ಹೇಳಿದ್ದಕ್ಕೆ, “ಕದ್ದೋರು ಅವರು, ಅರ್ಜಿ ನಾನು ಕೊಡ್ಬೇಕಾ?” ಎಂದಿದ್ದರು. ದರ್ಜಿ ಕೆಲಸದ ಮಗ, ಸದ್ದಿಲ್ಲದೆ ತಾನೇ ಕಟ್ಟಿಬಿಡಲೇ ಎಂದು ಕೇಳಿ, ಅದಕ್ಕೂ ಬೈಸಿಕೊಂಡಿದ್ದ. ತಾಯಿ ಹೆಂಡಿರ ನಡುವೆ ಅವನು ಅಡಕತ್ತರಿಗೆ ಸಿಕ್ಕ ಅಡಿಕೆ.

ಬಾಗಿಲ ಕೀಲಿ ಅವಳ ಚೀಲದಲ್ಲೇ ಇತ್ತು. ಆದರೂ ಕಚೇರಿಯ ಕ್ರಮದಂತೆ ಗಂಟೆ ಒತ್ತಿದಳು. ಅತ್ತೆ ಬಾಗಿಲು ತೆರೆದು, ಸಮವಸ್ತ್ರವನ್ನೂ ಕೈಯಲ್ಲಿದ್ದ ಬೀಗವನ್ನೂ ನೋಡಿದರು. ಮುಖದ ಒಂದು ಗೆರೆಯೂ ಕದಲಲಿಲ್ಲ.

“ಯಾರು ಬೇಕಾಗಿತ್ತು?”

“ಮನೆ ಯಜಮಾನರು.”

“ನಾನೇ. ನೀವು ಯಾರು?”

ಮದುವೆಯಾದಾಗಿನಿಂದ ಅತ್ತೆಯ ಬಾಯಲ್ಲಿ ‘ನೀವು’ ಎನ್ನಿಸಿಕೊಂಡದ್ದು ಇದೇ ಮೊದಲು. ಬೀಗದಕ್ಕನಿಗೆ ಒಳಗೊಳಗೇ ಹಿತವಾಯಿತು.

“ನೀರಿನ ಆಫೀಸಿನಿಂದ. ನೋಟಿಸ್ ಕೊಟ್ಟಿದ್ವಿ, ಗಡುವು ಮುಗೀತು.”

“ಬಂದಿತ್ತು. ನಮ್ಮ ಸೊಸೆ ತಂದುಕೊಟ್ಲು. ಹೊತ್ತು ಗೊತ್ತು ಇಲ್ಲ ಅವಳಿಗೆ, ಊಟಕ್ಕೆ ಕೂತಾಗ ಕೈಗೆ ಹಿಡಿಸಿದ್ಲು.”

“ಸೊಸೆಗೆ ಬುದ್ಧಿ ಹೇಳಿ.”

“ಹೇಳಿದ್ರೆ ಕೇಳೋ ಪೈಕಿ ಅಲ್ಲ.”

ಒಳಗೆ ಹೊಲಿಗೆ ಯಂತ್ರದ ಸದ್ದು ಜೋರಾಯಿತು. ಬಟ್ಟೆ ಇಡದೆಯೇ ತುಳಿಯುತ್ತಿದ್ದಾನೆ ಎಂಬುದು ಹೆಂಡತಿಗೆ ಸದ್ದಿನಲ್ಲೇ ತಿಳಿಯಿತು.

ಅವಳು ವಾಲ್ವ್ ತಿರುಗಿಸಿ ಬೀಗ ಸಿಕ್ಕಿಸಲು ಹೋದಳು. ಅದು ಒಂದೇ ಏಟಿಗೆ ಕೂರಲಿಲ್ಲ. ಅತ್ತೆ ಹಿಂದೆಯೇ ಬಂದು ನಿಂತಿದ್ದರು.

“ಕುಕ್ಕರುಗಾಲಲ್ಲಿ ಕೂತು ಹಾಕಿ. ಹಾಗೆ ಬಗ್ಗಿದ್ರೆ ನಡು ಹಿಡ್ಕೊಳುತ್ತೆ.”

ಸಂಜೆ ಅವಳು ಮನೆಗೆ ಬಂದಾಗ ಗಂಡ ಪಕ್ಕದ ಮನೆಯಿಂದ ಬಕೆಟ್ ಹೊತ್ತು ಹೊತ್ತು ಮೊಣಕಾಲವರೆಗೆ ನೆನೆದಿದ್ದ. ಊಟಕ್ಕೆ ಕೂತಾಗ ಅತ್ತೆಯೇ ಮಾತು ತೆಗೆದರು.

“ಇವತ್ತು ಯಾವಳೋ ಬಂದು ನೀರು ನಿಲ್ಲಿಸಿ ಹೋದ್ಲು.”

“ಅವಳ ಕೆಲಸ ಅದು, ಅತ್ತೆ.”

“ಮರ್ಯಾದೆಯಾಗೇ ಮಾತಾಡಿದ್ಲು, ಸುಳ್ಳು ಹೇಳ್ಬಾರ್ದು. ಆದ್ರೆ ಬಿಸಿಲಲ್ಲಿ ತಿರುಗಿ ಮುಖ ಬಾಡಿಹೋಗಿದೆ. ಮನೇಲಿ ನೋಡ್ಕೊಳ್ಳೋರು ಇಲ್ವೇನೋ.”

“ಇದ್ದಾರೆ. ಸ್ವಲ್ಪ ಹಟ ಜಾಸ್ತಿ.”

ಗಂಡ ತಟ್ಟೆಯಿಂದ ತಲೆ ಎತ್ತಲೇ ಇಲ್ಲ. ಅತ್ತೆ ಕೇಳದೆಯೇ ಸೊಸೆಗೆ ಇನ್ನಷ್ಟು ಬಡಿಸಿದರು. ಕೈ ತೊಳೆಯಲು ಚೊಂಬು ಎತ್ತಿದವರು, ಅದರಲ್ಲಿ ತಳ ಕಂಡದ್ದನ್ನು ನೋಡಿ, “ಆ ಹಾಳು ಅರ್ಜಿ ಎಲ್ಲಿ ಸಿಗುತ್ತೆ?” ಎಂದರು.

ಅರ್ಜಿಯ ಮೇಲೆ ಕಚೇರಿಯ ಮೆಕ್ಯಾನಿಕ್ ಬಂದ. ಬೀಗ ತೆಗೆದು, ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿಸಿ, ಮೀಟರ್ ಮುಂದೆ ಕೂತ. ಮುಳ್ಳು ತನ್ನ ಪಾಡಿಗೆ ತಿರುಗುತ್ತಲೇ ಇತ್ತು.

“ನೋಡಿದ್ರಾ ಕಳ್ಳನ್ನ?” ಎಂದರು ಅತ್ತೆ.

“ಮೀಟರ್ ಸರಿಯಾಗೇ ಇದೆ ಅಮ್ಮ. ನೀರು ಭೂಮಿಗೆ ಹೋಗ್ತಿದೆ,” ಎಂದ ಆತ.

ಅಗೆದು ನೋಡಿದರೆ, ಮೀಟರಿನಿಂದ ಒಂದು ಗೇಣು ಒಳಗೆ ಪೈಪ್ ಬಿರುಕು ಬಿಟ್ಟಿತ್ತು. ಮೀಟರಿನವರೆಗಿನ ಪೈಪ್ ನಗರದ್ದು, ಅಲ್ಲಿಂದಾಚೆಗೆ ಮನೆಯವರದ್ದು. ಅತ್ತೆ ಹಳ್ಳದ ಅಂಚಿನಲ್ಲಿ ಕೂತು ತಮ್ಮ ಗೇಣಿನಿಂದ ಎರಡು ಸಲ ಅಳೆದರು.

“ಈ ಪೆಟ್ಟಿಗೇನೇ ಒಂಚೂರು ಒಳಗೆ ಸರಿಸಿದ್ರೆ ಆಗಲ್ವಾ?”

ಮೆಕ್ಯಾನಿಕ್ ನಕ್ಕ. ಅತ್ತೆಗೆ ನಗು ಬರಲಿಲ್ಲ. ತಮ್ಮ ಖರ್ಚಿನಲ್ಲೇ ಪೈಪ್ ಸರಿಮಾಡಿಸಿದರು. ಮಾರನೆಯ ದಿನ ಕಚೇರಿಯ ಸಾಲಿನಲ್ಲಿ ನಿಂತು, ಬಾಕಿಯನ್ನು ಕಂತುಗಳಲ್ಲಿ ತೀರಿಸಲು ಒಪ್ಪಿ, ಮೊದಲ ಕಂತು ಕಟ್ಟಿ ಬಂದರು. ಸೊಸೆಯ ಎದೆಯ ಮೇಲಿನ ಕಲ್ಲು ಇಳಿಯಿತು.

ಆದರೆ ಸುದ್ದಿ ಬೀದಿ ತುಂಬ ಹಬ್ಬಿತ್ತು. ಆ ವಾರ ಬೀಗದಕ್ಕ ಮಾರುಕಟ್ಟೆಯ ಲಾಂಡ್ರಿಗೆ ಹೋದಳು. ಊರಿನಲ್ಲೇ ಹೆಚ್ಚು ಬಾಕಿ ಉಳಿಸಿಕೊಂಡವನು ಆ ಲಾಂಡ್ರಿಯ ಮಾಲೀಕ. ಅವಳನ್ನು ಕಂಡರೆ ಹಿಂಬಾಗಿಲಿನಿಂದ ಮಾಯವಾಗುತ್ತಿದ್ದ ಆಸಾಮಿ. ಈ ಸಲ ತಾನೇ ಎದುರು ಬಂದು ಪೂರ್ತಿ ಬಾಕಿಯ ಚೆಕ್ಕು ಕೊಟ್ಟ.

“ಸ್ವಂತ ಅತ್ತೇನೇ ಬಿಡದೋಳು ನೀನು,” ಎಂದ. “ನನ್ನನ್ನ ಬಿಡ್ತೀಯಾ?”

ಅವಳು ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆ ತಲೆ ಒರೆಸಿಕೊಳ್ಳುತ್ತಿದ್ದರು.

“ಅಂದ್ರೆ, ನಾನು ಬಾಕಿ ಇಟ್ಟಿದ್ದಕ್ಕೇ ತಾನೇ ಅವನು ಕಟ್ಟಿದ್ದು?”

“ಹಾಗೂ ಅನ್ನಬಹುದು.”

“ನಿಮ್ಮ ಸಾಹೇಬ್ರಿಗೆ ಹೇಳು. ನನ್ನ ಮುಂದಿನ ಕಂತಿನಲ್ಲಿ ಅದನ್ನ ಸ್ವಲ್ಪ ವಜಾ ಮಾಡ್ಕೊಳ್ಳಲಿ.”