ಇತ್ತೀಚೆಗೆ ಕೇಳಿದವು

ಬೀದಿಯಲ್ಲಿ ಯಾರೋ ಬೈಕು ಒದೆಯುತ್ತಿದ್ದಾನೆ, ಖರ್ ಖರ್ ಖರ್, ಹತ್ತುವುದಿಲ್ಲ, ಮತ್ತೆ ಒದೆ, ಮತ್ತೆ ಖರ್ — ಅಯ್ಯಾ ಪುಣ್ಯಾತ್ಮ, ಆ ಗಾಡಿಗೂ ಗಂಟಲಿನ ಆಪರೇಷನ್ ಆಗಿದೆಯೇನೋ, ತಳ್ಳಿಕೊಂಡು ಹೋಗು, ಇಲ್ಲಿ ಒಬ್ಬ ಮನುಷ್ಯನ ಮಾನ ಗೋಡೆಯ ಗಡಿಯಾರದ ಮುಳ್ಳಿಗೆ ತೂಗಾಡುತ್ತಿದೆ, ನಾಲ್ಕಕ್ಕೆ ಮಗಳು ಬರುತ್ತಾಳೆ, ಎರಡು ತಿಂಗಳ ಹಿಂದೆ ಕೊಟ್ಟ ಕಂಪ್ಯೂಟರನ್ನು ವಾಪಸು ಒಯ್ಯುತ್ತಾಳೆ, ಅಷ್ಟರೊಳಗೆ ಈ ಪಟ್ಟಿ ಅಳಿಯಬೇಕು, ಹುಟ್ಟಿಯೇ ಇರಲಿಲ್ಲವೆನ್ನುವಂತೆ ಅಳಿಯಬೇಕು. ಅಪ್ಪಾ, ನಾಳೆ ಕ್ಲಾಸಲ್ಲಿ ದೊಡ್ಡ ಪರದೆ ಮೇಲೆ ಪಾಠ ಹಾಕ್ಬೇಕು ಕಣಪ್ಪಾ, ಪ್ಲೇಯರ್ ತೆರೆದ ಕೂಡ್ಲೇ ಇತ್ತೀಚೆಗೆ ಏನೇನು ಕೇಳಿದ್ವೋ ಎಲ್ಲಾ ಸಾಲಾಗಿ ಬಂದು ನಿಂತ್ಕೊಳ್ಳುತ್ತೆ, ನಿನ್ನ ಗಂಟಲಿನ ಅಭ್ಯಾಸ ಸ್ಕೂಲ್ ಮಕ್ಕಳ ಮುಂದೆ ಬೇಡ, ಅಳಿಸಿಡು, ಸರೀನಾ, ಎಂದು ಅವಳು ಫೋನಿನಲ್ಲಿ ಕೇಳಿದಾಗ ಅವನು ಉಗುರಿನಿಂದ ಫೋನನ್ನು ಎರಡು ಸಲ ಕುಟ್ಟಿದ್ದ, ಎರಡು ಕುಟ್ಟಿದರೆ ಹೂಂ, ಒಂದು ಕುಟ್ಟಿದರೆ ಊಹೂಂ, ಹೆಚ್ಚಿನ ಮಾತಿಗೆ ಸ್ಲೇಟು, ಐದು ತಿಂಗಳಿಂದ ಈ ಮನೆಯ ಸಂಸಾರ ಮರಕುಟಿಗದ ಭಾಷೆಯಲ್ಲಿ ನಡೆದಿದೆ. ಅಭ್ಯಾಸವಂತೆ! ಪಾಪ, ಮಗು, ಅಪ್ಪ ಕೂತು ತನ್ನ ಅಭ್ಯಾಸ ತಾನೇ ಕೇಳಿಕೊಳ್ಳುತ್ತಾನೆ ಅಂದುಕೊಂಡಿದೆ — ಕಂಪ್ಯೂಟರಿನ ಮೇಲೆ ಸಾಲಾಗಿ ನಿಂತಿರುವುದು ಅಭ್ಯಾಸವಲ್ಲ, ರಾಜನ ಕೊನೆಯ ಮಾತು, ಖಳ, ಖಳನ ಅಣ್ಣ, ಮುದಿ ಮೊಸಳೆ, ಸೋಪಿನ ಪುಡಿಯ ಜಾಹೀರಾತು, ಗುಡುಗು, ಗುಡುಗಿಗೂ ಅವನೇ ಸ್ವರ, ನಿಜವಾದ ಗುಡುಗು ಆ ದಿನ ಸರಿಯಾಗಿ ಗುಡುಗಲಿಲ್ಲವೆಂದು ಇವನನ್ನು ಕರೆಸಿದ್ದರು.

ಅದೇನು ಸಾಮಾನ್ಯ ಸ್ವರವೇ! ಮೂವತ್ತು ವರ್ಷ ಅವನು ಬಾಯಿ ತೆರೆದಾಗಲೆಲ್ಲ ಡಬ್ಬಿಂಗ್ ಸ್ಟುಡಿಯೋದ ಗಾಜು ಬೆವರುತ್ತಿತ್ತು, ಮೈಕು ತಾನಾಗಿಯೇ ಎರಡು ಹೆಜ್ಜೆ ಹಿಂದೆ ಸರಿಯುತ್ತಿತ್ತು, ಪರದೆಯ ಮೇಲಿನ ನಟರು ಇವನ ಮಾತಿಗೆ ತುಟಿ ಕೂಡಿಸಿದರೇ ಹೊರತು ಇವನು ಅವರ ತುಟಿಗೆ ಮಾತು ಕೂಡಿಸಲಿಲ್ಲ, ಒಂದು ಚಿತ್ರದಲ್ಲಂತೂ ರಾಜನೂ ಅವನೇ, ರಾಜನನ್ನು ಕೊಂದವನೂ ಅವನೇ, ಹೆಣದ ಮೇಲೆ ಬಿದ್ದು ಅತ್ತ ಮುದುಕನೂ ಅವನೇ, ಸತ್ತವನ ಉಸಿರು ನಿಲ್ಲುವ ಮೊದಲೇ ಕೊಂದವನ ನಗು ಶುರುವಾಗಬೇಕಿತ್ತು, ಆಯಿತು ಕೂಡ, ಒಂದೇ ಗಂಟಲಿನಲ್ಲಿ ಎರಡೂ, ಹೇಗೆಂದು ಆ ಗಂಟಲಿಗೂ ಗೊತ್ತಿಲ್ಲ. ಆಮೇಲೆ ಆ ಗಂಟಲಿನಲ್ಲಿ ಬಟಾಣಿಯಷ್ಟು ಒಂದು ಗಂಟು, ಬಟಾಣಿ! ಬೆಟ್ಟವನ್ನು ಇಲಿ ಕೆಡವಿದಂತೆ, ವೈದ್ಯರು ಅದನ್ನು ತೆಗೆದರು, ಜೀವ ಉಳಿಯಿತು, ಸ್ವರದ ಜಾಗದಲ್ಲಿ ತುಕ್ಕು ಹಿಡಿದ ಕಬ್ಬಿಣದ ಗೇಟು ಬಂದು ಕೂತಿತು. ಮೊದಲ ದಿನ ಆಸ್ಪತ್ರೆಯಲ್ಲಿ ನೀರು ಎಂದ, ಪಕ್ಕದ ಮಂಚದವನು ಬೆಚ್ಚಿ ಎದ್ದು ಕುರ್ಚಿ ಯಾರು ಎಳೆದ್ರು ಎಂದ, ಅಷ್ಟೇ, ಅಂದಿನಿಂದ ಮನೆಯವರ ಮುಂದೆ ಬಾಯಿಗೆ ಬೀಗ. ಮನೆಗೆ ಬಂದ ದಿನವೇ ಸ್ಲೇಟಿನ ಮೇಲೆ ಬರೆದ, ದೊರೆ ಶಾಸನ ಬರೆಸಿದ ಹಾಗೆ, ಸತ್ತವನ ಸ್ವರ ಇನ್ನು ಈ ಮನೆಯಲ್ಲಿ ಕೇಳಿಸಕೂಡದು, ಹಳೆಯ ಧ್ವನಿಮುದ್ರಿಕೆಗಳ ಪೆಟ್ಟಿಗೆಯನ್ನು ಹೆಂಡತಿ ಮಗಳ ಎದುರೇ ಅಟ್ಟಕ್ಕೆ ಎಸೆದ, ಮಗಳು ಅತ್ತಳು, ಹೆಂಡತಿ ಆಯ್ತು ಬಿಡಿ ಎಂದಳು, ಅಷ್ಟೇ ಎಂದಳು. ಆ ಶಾಸನ ಬರೆದವನೇ ಅವಳು ಕೆಲಸಕ್ಕೆ ಹೋದ ಮೇಲೆ ಸ್ಟೂಲು ಹಾಕಿಕೊಂಡು ಅಟ್ಟ ಹತ್ತಿದ, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು, ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಮತ್ತೆ ಮತ್ತೆ ರಾಜನ ಜೊತೆ ಸತ್ತ. ಹಳೇ ಸ್ವರ ಕೇಳ್ಬೇಡಿ ಸರ್, ಎಂದಿದ್ದಳು ಗಂಟಲಿಗೆ ಪಾಠ ಹೇಳುವ ಶಿಕ್ಷಕಿ, ಅದನ್ನು ಕೇಳಿದ್ರೆ ಗಂಟಲು ಅದನ್ನೇ ಹುಡುಕ್ಕೊಂಡು ಹೋಗುತ್ತೆ, ಅದು ಸಿಗೋದಿಲ್ಲ, ಇರೋದೂ ಕೆಡುತ್ತೆ, ದಿನಾ ಹೊಸ ಸ್ವರದಲ್ಲಿ ನಾಲ್ಕು ನಿಮಿಷ ಓದಿ, ರೆಕಾರ್ಡ್ ಮಾಡಿ ನನಗೆ ಕಳಿಸಿ. ಓದಿದ, ಬಾಗಿಲು ಹಾಕಿಕೊಂಡು ಓದಿದ, ಕಳಿಸಿದ, ಒಂದನ್ನಾದರೂ ತಾನು ಕೇಳಿದನೇ, ಕೇಳುವುದೇ, ಅದಕ್ಕಿಂತ ಗೇಟಿಗೇ ಕಿವಿಯಿಟ್ಟು ನಿಲ್ಲಬಹುದು.

ಸಿಕ್ಕಿತು, ಮೂಲೆಯ ಮೂರು ಚುಕ್ಕೆ, ಒತ್ತಿದರೆ ಸಾಸಿವೆಯಷ್ಟೂ ಕರುಣೆಯಿಲ್ಲದ ಒಂದೇ ಒಂದು ಸಾಲು, ಎಲ್ಲವನ್ನೂ ಅಳಿಸು. ಒಂದೊಂದಾಗಿ ಅಳಿಸುವ ಹಾಗಿಲ್ಲವೇ, ಇಲ್ಲ, ಉಳಿಸಿಕೊಳ್ಳಬೇಕಾದ್ದು ಏನಿದೆ, ಎಲ್ಲವೂ ಹೋಗಲಿ. ಆದರೆ ತಾಳು, ತಾಳು, ಪೂರ್ತಿ ಖಾಲಿ ಪಟ್ಟಿ ಎಂದರೆ ಏನರ್ಥ, ತೊಳೆದಿಟ್ಟ ಕತ್ತಿಯೇ ಕೊಲೆಗೆ ಸಾಕ್ಷಿ, ಎಂಥೆಂಥ ಖಳರಿಗೆ ಮಾತು ಕೊಟ್ಟವನಿಗೆ ಇಷ್ಟೂ ತಿಳಿಯದೇ, ಅಳಿಸಿದ ಮೇಲೆ ಮಗಳ ಪಾಠಗಳನ್ನೇ ನಾಲ್ಕೈದು ತೆರೆದು ಮುಚ್ಚಬೇಕು, ತ್ರಿಭುಜ ಒಂದು ಸೆಕೆಂಡು, ವೃತ್ತ ಒಂದು ಸೆಕೆಂಡು, ಅಪ್ಪ ಕೊನೆಗಾಲದಲ್ಲಿ ರೇಖಾಗಣಿತಕ್ಕೆ ಮನಸೋತ ಎಂದು ಲೋಕ ಹೇಳಲಿ. ಪಕ್ಕದ ಕೋಣೆಯಲ್ಲಿ ಹೆಂಡತಿ ಬಟ್ಟೆ ಮಡಿಸುತ್ತಿದ್ದಾಳೆ, ಇವತ್ತು ಕನ್ನಡಕದ ಅಂಗಡಿಗೆ ರಜೆ, ಪಟ್ ಪಟ್ ಎಂದು ಟವೆಲು ಕೊಡವುವ ಸದ್ದು, ಅವಳು ಆ ಅಂಗಡಿಯಲ್ಲಿ ಲೆನ್ಸು ಕೂರಿಸುತ್ತಾಳೆ, ಇಪ್ಪತ್ತಾರು ವರ್ಷದ ಹಿಂದೆಯೂ ಅಲ್ಲೇ ಕೂರಿಸುತ್ತಿದ್ದಳು, ಇವನು ಹೋಗಿ ಓದೋ ಕನ್ನಡಕ ಬೇಕಿತ್ತು ಎಂದ, ಅಷ್ಟಕ್ಕೇ ಅವಳು ಎಡಗಣ್ಣಿನ ಲೆನ್ಸನ್ನು ಬಲಗಣ್ಣಿಗೆ ಕೂರಿಸಿಬಿಟ್ಟಳು, ಆಮೇಲೆ ಗೆಳತಿಯರ ಹತ್ತಿರ, ಮುಖ ಯಾರು ನೋಡಿದ್ರು ಕಣೇ, ನಾನು ಸ್ವರ ಮಾತ್ರ ನೋಡಿದ್ದು. ಮದುವೆಯಲ್ಲಿ ಎಲ್ಲರೂ ನಕ್ಕ ಮಾತು, ಇವನು ಊರೆಲ್ಲ ಹೇಳಿಕೊಂಡು ತಿರುಗಿದ ಮಾತು, ಈಗ ರಾತ್ರಿ ಹಗಲು ಮುಳ್ಳಿನ ಹಾಗೆ ಚುಚ್ಚುವುದು ಅದೇ ಮಾತು, ಸ್ವರ ಮಾತ್ರ ನೋಡಿದ್ದು, ಸ್ವರ ಮಾತ್ರ. ಒತ್ತಬೇಕು, ಬೆರಳು ಇಳಿಯಬೇಕು — ಪಟ್ಟಿಯ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಇದೇನು, ಅಭ್ಯಾಸ ಒಂಬತ್ತು.

ಇವನು ತೆರೆದಿಲ್ಲ. ನಿನ್ನೆ ಬೆಳಿಗ್ಗೆ ಕೊನೆಯದಾಗಿ ಕೇಳಿದ್ದು ರಾಜನನ್ನು, ಆಣೆ ಮಾಡಿ ಹೇಳಬಲ್ಲ, ಹಾಗಿದ್ದರೆ ರಾಜನ ತಲೆಯ ಮೇಲೆ ಹತ್ತಿ ಕೂತ ಈ ಅಭ್ಯಾಸ ಒಂಬತ್ತು ಯಾರದ್ದು, ಕಂಪ್ಯೂಟರಿಗೆ ಕೈಯಿದೆಯೇ, ನಿನ್ನೆ ಸಂಜೆ ಇವನು ಶಿಕ್ಷಕಿಯ ಹತ್ತಿರ ಹೋಗಿದ್ದಾಗ ಮನೆಯಲ್ಲಿದ್ದುದು ಒಬ್ಬಳೇ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಅಂಕಿಗಳು, ಎಷ್ಟು ಸಲ ಕೇಳಿದ್ದು ಎಂದು ಈ ಚಾಡಿಕೋರ ಯಂತ್ರ ಬರೆದಿಟ್ಟಿದೆ, ರಾಜ ಇಪ್ಪತ್ತಾರು, ಮೊಸಳೆ ಹನ್ನೆರಡು, ಅಭ್ಯಾಸ ಒಂಬತ್ತು ಮಾತ್ರ ಮೂವತ್ತೊಂದು ಸಲ. ಮೂವತ್ತೊಂದೇ! ತನ್ನ ಹಳೆಯ ಸ್ವರದ ಸಾಲು ಬಿಟ್ಟು ಬೇರೆ ಸಾಲಿನತ್ತ ಇವನು ಇಷ್ಟು ದಿನ ಕಣ್ಣೇ ಹಾಯಿಸಿರಲಿಲ್ಲ, ಗೇಟು ರಾಜನನ್ನು ಐದರಿಂದ ಸೋಲಿಸಿದೆ, ಇಂಥ ಅವಮಾನ ಯಾವ ಯುದ್ಧಭೂಮಿಯಲ್ಲೂ ಯಾವ ರಾಜನಿಗೂ ಆಗಿರಲಾರದು, ಯಾಕೆ ಕೇಳಿದಳು, ನಗಲಿಕ್ಕೋ, ಮರುಗಲಿಕ್ಕೋ, ಪಾಪ ನೋಡಿ ನಮ್ಮನೆಯವರ ಗಂಟಲು ಹೇಗಾಯ್ತು ಎಂದು ಅಂಗಡಿಯವರಿಗೆ ಕೇಳಿಸಲಿಕ್ಕೋ — ಹೆಡ್‌ಫೋನು, ಎಲ್ಲಿ ಹೆಡ್‌ಫೋನು, ತೊಡೆಯ ಕೆಳಗೇ ಇದೆ, ತೆರೆ ನೋಡೋಣ, ಹೋದ ಸಲ ನಿಲ್ಲಿಸಿದಲ್ಲಿಂದ ಮುಂದುವರಿಸಲೇ ಎಂದು ಕೇಳುತ್ತದೆ ವಿನಯದ ಯಂತ್ರ, ಮುಂದುವರಿಸು, ಉದ್ದನೆಯ ಗೆರೆ, ಗೆರೆಯ ಮೇಲೆ ಒಂದು ಬಿಳಿಯ ಚುಕ್ಕೆ, ಹನ್ನೊಂದು ನಿಮಿಷ ಹದಿನೇಳು ಸೆಕೆಂಡು. ಹನ್ನೊಂದು ಎಲ್ಲಿಂದ ಬಂತು, ಅಭ್ಯಾಸ ನಾಲ್ಕೇ ನಿಮಿಷವಲ್ಲವೇ.

ಅಯ್ಯೋ. ಗುಂಡಿ. ಮೂವತ್ತು ವರ್ಷದಲ್ಲಿ ಅವನು ಒಂದು ಸಲವೂ ರೆಕಾರ್ಡು ನಿಲ್ಲಿಸುವ ಗುಂಡಿ ಮುಟ್ಟಿದವನಲ್ಲ, ಸ್ಟುಡಿಯೋದಲ್ಲಿ ಯಂತ್ರದ ಮುಂದೆ ಕೂರುತ್ತಿದ್ದವನಿಗೆ ಕಿವಿ ಎಂದೇ ಹೆಸರು, ನಿನ್ನ ಕೆಲಸ ಬಾಯಿ, ನನ್ನ ಕೆಲಸ ಗುಂಡಿ, ನಾನು ಸಾಕು ಅನ್ನೋವರೆಗೂ ನೀನು ಏನೂ ಮುಟ್ಟಬಾರದು ಎನ್ನುತ್ತಿದ್ದ, ಇವನು ಮಾತು ಮುಗಿಸಿ ಕೈಕಟ್ಟಿ ನಿಲ್ಲುತ್ತಿದ್ದ, ಮನೆಯಲ್ಲೂ ಅದೇ, ಆ ಒಂಬತ್ತನೆಯ ಸಲ ಓದಿ ಮುಗಿಸಿ ಯಾರೋ ಸಾಕು ಅನ್ನುತ್ತಾರೆಂದು ಬಿಟ್ಟುಬಿಟ್ಟಿದ್ದಾನೆ, ಯಂತ್ರ ಕೇಳುತ್ತಲೇ ಇದೆ, ಶಿಕ್ಷಕಿ ಮೊದಲ ನಾಲ್ಕು ನಿಮಿಷ ಕೇಳಿ ಬಿಟ್ಟಿರಬೇಕು — ಕುರ್ಚಿ ಕಿರುಗುಟ್ಟಿತು, ದೂರದಲ್ಲಿ ಯಾವುದೋ ಬಸ್ಸು, ಮತ್ತೆ ಗೇಟು, ಇವನದೇ ಗೇಟು, ಕಿವಿಯ ಒಳಗೇ ತೆರೆಯುತ್ತಿದೆ, ಏ ಕನ್ನಡಕಾ. ಅವಳನ್ನು ಹಾಗೆ ಕರೆಯುವವನು ಭೂಮಿಯ ಮೇಲೆ ಒಬ್ಬನೇ, ಆ ಹೆಸರು ಈ ಮನೆಯಲ್ಲಿ ಕೇಳಿಸಿ ಐದು ತಿಂಗಳು. ಏ ಕನ್ನಡಕಾ, ನೀನು ಕಟ್ಕೊಂಡಿದ್ದು ಸ್ವರಾನ, ನನ್ನನ್ನಲ್ಲ, ಅದು ಹೋಯ್ತು, ಈಗ ಈ ಗುಜರಿ ಸಾಮಾನಿನ ಜೊತೆ ಹೇಗೆ ಬಾಳ್ತೀಯೇ, ಒಂದಿನ ಬೇಜಾರಾಗಲ್ವೇನೇ. ಹೌದು, ಆ ದಿನ, ಅವಳು ಅಂಗಡಿಗೆ ಹೋಗಿದ್ದಳು, ಇವನು ಅವಳ ಖಾಲಿ ಕುರ್ಚಿಯ ಜೊತೆ ಜಗಳವಾಡಿದ್ದ, ಒಂದೂವರೆ ನಿಮಿಷ, ಒಂದು ಯುಗ, ಮೂಗು ಸೀನಿದ್ದು ಕೂಡ ಬಂದಿದೆ. ಅದನ್ನು ಕೇಳಿದ್ದಾಳೆ, ಮೂವತ್ತೊಂದು ಸಲ. ಆದರೆ ನಿಲ್ಲಿಸಿದ್ದು ಆ ಗೋಳಿನ ಕೊನೆಯಲ್ಲಲ್ಲ, ಮುಗಿದ ಮೇಲೆ ಮುಚ್ಚಿ ಎದ್ದುಹೋಗಿಲ್ಲ, ಹಿಂದಕ್ಕೆ ಎಳೆದಿದ್ದಾಳೆ, ಲೆನ್ಸು ಕೂರಿಸುವ ಬೆರಳಲ್ಲವೇ, ಕೂದಲೆಳೆಯಷ್ಟೂ ತಪ್ಪದ ಬೆರಳು, ಸರಿಯಾಗಿ ಏ ಕನ್ನಡಕಾ ಎನ್ನುವುದಕ್ಕೆ ಎರಡು ಉಸಿರು ಮೊದಲು, ಮುಂದಿನ ಸಲ ತೆರೆದರೆ ಮೊದಲು ಕೇಳಿಸುವುದು ಅದೇ ಇರಲೆಂದು, ಬಿಳಿಯ ಚುಕ್ಕೆಯನ್ನು ಅಲ್ಲಿಟ್ಟು ಹೋಗಿದ್ದಾಳೆ.

ಅಳಿಸಿದರೆ ಇದೂ ಹೋಗುತ್ತದೆ, ಎಲ್ಲವನ್ನೂ ಎಂದರೆ ಎಲ್ಲವನ್ನೂ, ಇಪ್ಪತ್ತಾರರ ಜೊತೆ ಮೂವತ್ತೊಂದೂ, ಚುಕ್ಕೆಯೂ, ಅಳಿಸದಿದ್ದರೆ ಮಗಳಿಗೆ ರಾಜ ಸಿಗುತ್ತಾನೆ, ಶಾಸನ ಬರೆದವನೇ ಕಳ್ಳನೆಂದು ನಲವತ್ತು ಮಕ್ಕಳೆದುರು ಡಂಗುರ, ಸಿಗಲಿ ಬಿಡು, ಸತ್ತ ರಾಜನಿಗೆ ಎಂಥ ಮಾನ, ಅಲ್ಲ ಅಲ್ಲ, ಐದೇ ನಿಮಿಷ ಇದೆ, ಒತ್ತು, ಬೇಡ, ಅವಳು ಗುಟ್ಟಾಗಿ ಕೇಳಿದ್ದನ್ನು ಇವನು ಗುಟ್ಟಾಗಿ ಅಳಿಸಿದರೆ ಈ ಮನೆಯಲ್ಲಿ ಮರಕುಟಿಗ ಸಾಯುವವರೆಗೂ ಕುಟ್ಟುತ್ತಲೇ ಇರುತ್ತದೆ, ಟಕ್ ಟಕ್ ಊಟ, ಟಕ್ ಮಾತ್ರೆ, ಟಕ್ ಟಕ್ ದೀಪ ಆರಿಸು. ಟವೆಲಿನ ಸದ್ದು ನಿಂತಿದೆ, ಯಾವಾಗ ನಿಂತಿತು. ಏನ್ರೀ, ಗೋಡೆಯ ಆಚೆಯಿಂದ, ತೀರಾ ಹಗುರವಾಗಿ, ಹಗುರವಾಗಿರಲು ಬಹಳ ಕಷ್ಟಪಟ್ಟ ದನಿಯಲ್ಲಿ, ಮಗಳು ಬರೋ ಹೊತ್ತಾಯ್ತು, ಎಲ್ಲಾ ಅಳಿಸಿಬಿಟ್ರಾ. ಬೆರಳು ಮೇಜಿನ ಮೇಲೆ ಎದ್ದಿತು, ಒಂದು ಕುಟ್ಟಿದರೆ ಊಹೂಂ, ಸಾಕು, ಗೊತ್ತಾಗುತ್ತದೆ ಅವಳಿಗೆ, ಕುಟ್ಟು, ಆದರೆ ಬೆರಳಿನಿಂದ ಹೆಸರು ಕರೆಯಲು ಬರುವುದಿಲ್ಲ, ಮೂವತ್ತು ವರ್ಷ ರಾಜರನ್ನೂ ಮೊಸಳೆಗಳನ್ನೂ ಗುಡುಗನ್ನೂ ಮಾತಾಡಿಸಿದವನ ಬಾಯಿ ಒಣಗಿ ಹಪ್ಪಳವಾಗಿದೆ, ಹೊಟ್ಟೆಯಿಂದ ಉಸಿರು ತಗೊಳ್ಳಿ ಸರ್, ಹಳೇದನ್ನ ಹುಡುಕ್ಬೇಡಿ, ಇರೋ ಸ್ವರದಲ್ಲೇ ಬಿಡಿ, ಎನ್ನುವುದು ಶಿಕ್ಷಕಿಯ ಪಾಠ, ಬಿಟ್ಟ, ಏ ಕನ್ನಡಕಾ, ಅಯ್ಯಪ್ಪ ಎಂಥ ಕರ್ಕಶ, ಅಭ್ಯಾಸ ಒಂಬತ್ತಕ್ಕಿಂತ ನೂರು ಪಾಲು ಕರ್ಕಶ, ಅಳಿಸಿಲ್ಲ ಕಣೇ — ಇನ್ನೊಂದು ಸಲ ಅನ್ನಲೇ, ಕೇಳಿಸಿತೋ ಇಲ್ಲವೋ, ಗೆರೆಯ ಮೇಲೆ ಬಿಳಿಯ ಚುಕ್ಕೆಯನ್ನು ಅವಳು ಎಳೆದಿಟ್ಟ ಹಾಗೆಯೇ ಅವನೂ ಹಿಂದಕ್ಕೆ ಎಳೆದ, ಹನ್ನೊಂದು ನಿಮಿಷ ಹದಿನೇಳು ಸೆಕೆಂಡು, ಅಲ್ಲಿ ನಿಲ್ಲಿಸಿದ, ಚುಕ್ಕೆ, ಬಿಳಿಯ ಚುಕ್ಕೆ, ಎರಡು ಉಸಿರು ಮೊದಲು, ಚುಕ್ಕೆ