ಮಂಜು ಕವಿದ ದಿನ ಸೂರ್ಯ ಮಾಡಿದ್ದು

ವಿಚಾರಣೆಯ ಕೊಠಡಿಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

"ಆ ದಿನ ಸೂರ್ಯನ ಮುಖಾನೇ ಯಾರೂ ನೋಡಿಲ್ಲಮ್ಮ. ಹತ್ತಡಿ ಮುಂದೆ ಏನಿದೆ ಅಂತ ಕಾಣದಷ್ಟು ಮಂಜು. ನೀನು ನೋಡಿದ್ರೆ ಎಲ್ಲಾ ಸೂರ್ಯಂದೇ ತಪ್ಪು ಅಂತೀಯ," ಎಂದರು ಸಮಿತಿಯ ಅಧ್ಯಕ್ಷರು. "ಅವನಿಗೂ ಒಂದು ನೋಟೀಸ್ ಕಳಿಸೋಣ್ವಾ?"

ಮತ್ತೆ ನಗು. ನಗಲಿ, ಅವರ ಗಂಟೇನು ಹೋಗಬೇಕು? ಮೇಜಿನ ಆ ತುದಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದವನು ನನ್ನ ಅಣ್ಣ. ಹತ್ತೊಂಬತ್ತು ವರ್ಷದಿಂದ ಈ ನದಿಯಲ್ಲಿ ಲಾಂಚ್ ನಡೆಸುತ್ತಿರುವವನು. ಮೂರು ವಾರದ ಹಿಂದೆ, ಬೆಳಗಿನ ಹನ್ನೊಂದರ ಹೊತ್ತಿಗೆ, ನಲವತ್ತು ಜನರಿದ್ದ ಅವನ ಲಾಂಚ್ ಹೋಗಿ ಮರಳಿನ ದಿಬ್ಬಕ್ಕೆ ಬಡಿಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಒಬ್ಬ ಟೀಚರಮ್ಮನ ಕೈ ಮುರಿಯಿತು. ಅಣ್ಣನ ಲೈಸೆನ್ಸ್ ಉಳಿಯುತ್ತದೋ, ಇಲ್ಲ ಶಾಶ್ವತವಾಗಿ ರದ್ದಾಗುತ್ತದೋ ಎಂಬುದು ಈ ವಿಚಾರಣೆಯಲ್ಲೇ, ಅವತ್ತು ಮಧ್ಯಾಹ್ನವೇ ತೀರ್ಮಾನವಾಗಬೇಕಿತ್ತು.

ಅಣ್ಣ ಕೆಲಸ ಮಾಡುವ ಲಾಂಚ್ ಕಚೇರಿಯಲ್ಲೇ ನಾನು ರಿಸೀವರ್ ನೋಡಿಕೊಳ್ಳುವವಳು. ಹನ್ನೆರಡು ಲಾಂಚುಗಳಲ್ಲಿ ಹನ್ನೆರಡು, ದಡದ ಕಂಬದ ಮೇಲೆ ಒಂದು. ಉಪಗ್ರಹಗಳ ಸಂಕೇತ ಹಿಡಿದು, ಲಾಂಚ್ ನದಿಯ ಯಾವ ಜಾಗದಲ್ಲಿದೆ ಎಂದು ಪರದೆಯ ಮೇಲೊಂದು ಹಸಿರು ಚುಕ್ಕೆ ತೋರಿಸುವ ಪೆಟ್ಟಿಗೆಗಳು ಅವು. ಮಂಜು ಬಿದ್ದ ದಿನ ಚಾಲಕನಿಗೆ ಆ ಚುಕ್ಕೆಯೇ ಕಣ್ಣು.

"ನಗೋದಾದ್ರೆ ಪೂರ್ತಿ ಕೇಳಿ ಆಮೇಲೆ ನಗಿ ಸಾರ್," ಎಂದೆ. ದನಿ ಏರಿದ್ದು ನನಗೇ ತಿಳಿಯಿತು, ಇಳಿಸಲಿಲ್ಲ. "ಸೂರ್ಯನಿಂದ ಬರೀ ಬೆಳಕು ಬರಲ್ಲ, ರೇಡಿಯೋ ಅಲೆನೂ ಬರುತ್ತೆ. ಯಾವಾಗಲೋ ಒಂದೊಂದ್ಸಲ ಅದು ಇದ್ದಕ್ಕಿದ್ದ ಹಾಗೆ ಜೋರಾಗುತ್ತೆ. ಉಪಗ್ರಹದ ದನಿ ಮೊದಲೇ ಪಿಸುಮಾತಿನಷ್ಟು. ಆ ಗದ್ದಲದಲ್ಲಿ ರಿಸೀವರ್ ಕಿವಿಗೆ ಅದು ಬೀಳೋದೇ ಇಲ್ಲ. ಮಂಜು ಬೆಳಕನ್ನ ತಡೆಯುತ್ತೆ, ರೇಡಿಯೋನ ತಡೆಯಲ್ಲ. ನೀವು ಮನೆಯೊಳಗೆ ಬಾಗಿಲು ಹಾಕ್ಕೊಂಡು ಕೂತ್ರೂ ನಿಮ್ಮ ಫೋನ್ ಬಡ್ಕೊಳ್ಳಲ್ವಾ?"

ನನ್ನ ಪಕ್ಕದಲ್ಲಿದ್ದ ಮೇಲಧಿಕಾರಿ ಗಂಟಲು ಸರಿಮಾಡಿಕೊಂಡರು. ಕಚೇರಿಯಲ್ಲಿ ಅವರಿಗೆ ನಾವಿಟ್ಟ ಹೆಸರು 'ಆಮೇಲೆ ಸಾಹೇಬರು'. ಏನು ಕೇಳಿದರೂ "ಆಮೇಲೆ ನೋಡೋಣ" ಎನ್ನುವ ಪುಣ್ಯಾತ್ಮ.

"ಆಂಟೆನಾ ವೈರ್ ಸಡಿಲ ಇತ್ತು ಸಾರ್, ಅಷ್ಟೇ," ಎಂದರು. "ವೈರ್ ನೋಡ್ಕೊಳ್ಳೋದು ಚಾಲಕನ ಕೆಲಸ."

ಹಿಂದಿನ ದಿನ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ ಇದನ್ನೇ ಹೇಳಿಕೊಟ್ಟಿದ್ದರು. "ವೈರ್ ಅಂದ್ರೆ ಎಲ್ಲರಿಗೂ ಒಳ್ಳೇದು. ಜಾಸ್ತಿ ಕೆದಕಬೇಡ, ಕೆದಕಿದ್ರೆ ನಿನ್ನ ಹೆಸರೇ ಮೇಲೆ ಬರುತ್ತೆ." ಎಲ್ಲರಿಗೂ ಅಂತೆ! ನನ್ನ ಅಣ್ಣ ಇವರ ಲೆಕ್ಕದಲ್ಲಿ ಮನುಷ್ಯನೇ ಅಲ್ಲ.

ತಂದಿದ್ದ ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ. ಹದಿಮೂರು ರಿಸೀವರ್, ಅವತ್ತು ಸಂಕೇತ ಎಷ್ಟು ಬಲವಾಗಿತ್ತು ಎಂದು ತೋರಿಸುವ ಹದಿಮೂರು ಗೆರೆ. ಹತ್ತೂ ಐವತ್ತೆರಡಕ್ಕೆ ಎಲ್ಲ ಗೆರೆಗಳೂ ಒಟ್ಟಿಗೆ ಕುಸಿದಿದ್ದವು. ಹನ್ನೊಂದೂ ಒಂದಕ್ಕೆ ಒಟ್ಟಿಗೆ ಎದ್ದಿದ್ದವು. ಮಂಜಿನಿಂದಾಗಿ ಉಳಿದ ಲಾಂಚುಗಳನ್ನೆಲ್ಲ ದಡಕ್ಕೆ ಕಟ್ಟಿದ್ದರು. ನಡುನೀರಿನಲ್ಲಿ ಸಿಕ್ಕಿಕೊಂಡದ್ದು ಅಣ್ಣನದೊಂದೇ.

"ಹದಿಮೂರು ವೈರೂ ಮಾತಾಡ್ಕೊಂಡು ಒಂದೇ ನಿಮಿಷಕ್ಕೆ ಸಡಿಲ ಆದ್ವಾ ಸಾಹೇಬ್ರೇ?" ಎಂದೆ. "ಕಂಬದ ಮೇಲಿನ ರಿಸೀವರಿಗೂ ನಮ್ಮಣ್ಣನೇ ಚಾಲಕನಾ?"

ಈಗ ಯಾರೂ ನಗಲಿಲ್ಲ. ಅಧ್ಯಕ್ಷರು ಕನ್ನಡಕ ಏರಿಸಿ ಗೆರೆಗಳನ್ನು ನೋಡಿದರು. ಆಮೇಲೆ, ನಾನು ಮೂರು ವಾರದಿಂದ ಯಾರೂ ಕೇಳದಿರಲಿ ಎಂದುಕೊಂಡಿದ್ದ ಪ್ರಶ್ನೆಯನ್ನೇ ಕೇಳಿದರು.

"ಒಂಬತ್ತು ನಿಮಿಷ ಸಂಕೇತ ಇರಲಿಲ್ಲ, ಒಪ್ಪಿದೆ. ಹಾಗಿದ್ರೆ ಪರದೆ ಖಾಲಿ ಆಗಬೇಕಿತ್ತು. ಇವನು ಚುಕ್ಕೆ ನೋಡ್ಕೊಂಡೇ ಹೋದೆ ಅಂತಾನೆ. ಚುಕ್ಕೆ ಎಲ್ಲಿಂದ ಬಂತು?"

ಅಣ್ಣ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದ.

ಹಿಂದೆ ಲಾಂಚ್ ಸೇತುವೆಯ ಕೆಳಗೆ ಹೋಗುವಾಗಲೆಲ್ಲ ಸಂಕೇತ ಕಡಿದು ಹತ್ತು ಸೆಕೆಂಡು ಪರದೆ ಖಾಲಿಯಾಗುತ್ತಿತ್ತು, ಎಚ್ಚರಿಕೆಯ ಗಂಟೆ ಕಿರುಚುತ್ತಿತ್ತು. ಚಾಲಕರು ಬೈದರು, ಪ್ರಯಾಣಿಕರು ಗಾಬರಿಯಾದರು. "ಆ ಬಡ್ಕೊಳ್ಳೋದನ್ನ ನಿಲ್ಲಿಸಮ್ಮ, ಪರದೆ ಮೇಲೆ ಏನಾದ್ರೂ ಕಾಣೋ ಹಾಗೆ ಮಾಡು," ಎಂದರು ಸಾಹೇಬರು. ನಾನು ಮಾಡಿದೆ. ಸಂಕೇತ ಹೋದರೂ, ಕೊನೆಗೆ ಗೊತ್ತಿದ್ದ ವೇಗದಲ್ಲಿ, ಕೊನೆಗೆ ಗೊತ್ತಿದ್ದ ದಿಕ್ಕಿಗೆ ಚುಕ್ಕೆ ತನ್ನ ಪಾಡಿಗೆ ಸಾಗುತ್ತಿರುತ್ತದೆ. ಸೇತುವೆಗೆ ಅದು ಸಾಕು. ಆದರೆ ಎಷ್ಟು ಹೊತ್ತು ಸಾಗಬೇಕು ಎಂದು ನಾನು ಮಿತಿ ಹಾಕಲಿಲ್ಲ. ಈ ಚುಕ್ಕೆ ಬರೀ ಅಂದಾಜು ಎಂದೂ ಬರೆಯಲಿಲ್ಲ. ಅವತ್ತು ಪರದೆಯ ಚುಕ್ಕೆ ಒಂಬತ್ತು ನಿಮಿಷ ನಡುನದಿಯಲ್ಲಿ ನೆಟ್ಟಗೆ ಹೋಯಿತು. ನಿಜವಾದ ಲಾಂಚನ್ನು ನೀರಿನ ಸೆಳೆತ ಪಕ್ಕಕ್ಕೆ ತಳ್ಳಿಕೊಂಡು ಹೋಯಿತು.

"ಆ ಚುಕ್ಕೆ ಇಟ್ಟಿದ್ದು ನಾನು," ಎಂದೆ. "ಎಚ್ಚರಿಕೆ ಒಂದು ಸೇರಿಸ್ತೀನಿ ಅಂತ ಒಂದ್ಸಲ ಕೇಳಿದ್ದೆ, ಆಮೇಲೆ ನೋಡೋಣ ಅಂದ್ರು. ನಾನು ಮತ್ತೆ ಕೇಳಲಿಲ್ಲ. ಚಾಲಕನ ತಪ್ಪು ಎಳ್ಳಷ್ಟೂ ಇಲ್ಲ."

ಅರ್ಧ ಗಂಟೆಯಲ್ಲಿ ತೀರ್ಪು ಬಂತು. ಅಣ್ಣನ ಲೈಸೆನ್ಸ್ ಉಳಿಯಿತು. ನನ್ನನ್ನು ಅಮಾನತು ಮಾಡಿದರು. ಸಾಹೇಬರಿಗೊಂದು ಎಚ್ಚರಿಕೆಯ ಪತ್ರ, ಅಷ್ಟೇ. ಹಾಳೆಗಳನ್ನು ಒಟ್ಟುಮಾಡಿಕೊಂಡು ಎದ್ದೆ. ಆದರೆ ಬಾಗಿಲ ಬಳಿ ಸಾಹೇಬರು ಗುಮಾಸ್ತನಿಗೆ ಹೇಳಿದ್ದು ಕಿವಿಗೆ ಬಿತ್ತು. "ರಿಸೀವರ್ ವಿಷಯ ಹೊಸಬರು ಬಂದ ಮೇಲೆ ನೋಡೋಣ. ಈಗ ಓಡ್ತಾ ಇದೆಯಲ್ಲ, ಓಡಲಿ."

"ನಿಮ್ಮ ಆಮೇಲೆಗಿಷ್ಟು ಬೆಂಕಿ ಹಾಕ!" ಎಂದು ಕಿರುಚಿದೆ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಲ್ಯಾಪ್‌ಟಾಪ್ ಇನ್ನೂ ನನ್ನ ಬಗಲಲ್ಲೇ ಇತ್ತು, ನನ್ನ ಪಾಸ್‌ವರ್ಡನ್ನು ಯಾರೂ ರದ್ದು ಮಾಡಿರಲಿಲ್ಲ. ಅದನ್ನೂ ಆಮೇಲೆ ನೋಡುವವರಿದ್ದರು. ನಾನು ನೇರ ದಡಕ್ಕೆ ಹೋದೆ.

ಒಂದೊಂದೇ ಲಾಂಚ್ ಹತ್ತಿ, ಅದರ ರಿಸೀವರ್ ತಿದ್ದಿ ಇಳಿದೆ. ಸಂಕೇತ ಹೋಗಿ ಹತ್ತು ಸೆಕೆಂಡು ದಾಟಿದರೆ ಚುಕ್ಕೆ ಅಳಿಯಬೇಕು, ಗಂಟೆ ಹೊಡೆಯಬೇಕು. ಕಂಬದ ರಿಸೀವರಿನಲ್ಲಿ ಎಲ್ಲ ಉಪಗ್ರಹಗಳ ಸಂಕೇತವೂ ಒಟ್ಟಿಗೆ ಸೊರಗಿದರೆ ಹನ್ನೆರಡೂ ಲಾಂಚಿಗೆ ಸುದ್ದಿ ಹೋಗಬೇಕು. ಚಾಲಕರು ಸುಮ್ಮನೆ ಬಿಡಲಿಲ್ಲ. "ಒಡಹುಟ್ಟಿದವನನ್ನ ಮೂರು ವಾರ ಮನೇಲಿ ಕೂರಿಸಿದ್ದು ಸಾಲ್ದಾ ತಾಯಿ, ಈಗ ನಮ್ಮ ಸರದಿನಾ?" ಎಂದ ಒಬ್ಬ. ಬೈಸಿಕೊಂಡೆ. "ಗಂಟೆ ಹೊಡೆದ್ರೆ ನನಗೆ ಬೈರಿ, ಆದ್ರೆ ಲಂಗರು ಹಾಕಿ ಬೈರಿ," ಎಂದೆ.

ಕೊನೆಯದು ಅಣ್ಣನ ಲಾಂಚ್. ಅವನು ಆಗಲೇ ಬಂದು ತನ್ನ ಸೀಟಿನಲ್ಲಿ ಕುಳಿತಿದ್ದ.

"ಕಣ್ಣೇ ಕೈಕೊಡ್ತೇನೋ ಅಂತ ಎರಡು ಸಲ ಡಾಕ್ಟ್ರ ಹತ್ರ ಹೋಗಿ ಬಂದೆ," ಎಂದ. "ನಿದ್ದೆಗಣ್ಣಲ್ಲಿ ಇದ್ರಾ ಅಂತ ನಿಮ್ಮತ್ತಿಗೆ ದಿನಾ ಕೇಳ್ತಾಳೆ. ಇದ್ದೆನೇನೋ ಅಂತ ನನಗೇ ಅನ್ಸೋಕೆ ಶುರುವಾಗಿತ್ತು. ನಿಂಗೆ ಚುಕ್ಕೆ ವಿಷಯ ಯಾವತ್ತು ಗೊತ್ತಾಯ್ತು?"

"ಮಾರನೇ ದಿನ."

ಅವನು ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ. ಬೈಯಲಿಲ್ಲ. "ತೋರಿಸು," ಎಂದ.

ಆಂಟೆನಾದ ವೈರ್ ಕಿತ್ತೆ. ಚುಕ್ಕೆ ಹತ್ತು ಸೆಕೆಂಡು ಸಾಗಿ ಅಳಿಸಿಹೋಯಿತು, ಗಂಟೆ ಹೊಡೆಯಿತು, ಕೆಂಪು ಅಕ್ಷರ ಮೂಡಿತು: ಸಂಕೇತವಿಲ್ಲ, ಈ ಪರದೆಯನ್ನು ನಂಬಬೇಡಿ. ಅಣ್ಣ ಅದನ್ನು ಬಾಯಿಬಿಟ್ಟು ಒಂದು ಸಲ ಓದಿದ.

"ಇಷ್ಟು ಬರೆಯೋಕೆ ಎಷ್ಟು ಹೊತ್ತಾಯ್ತು?"

"ಎರಡು ನಿಮಿಷ," ಎಂದೆ.

ಅವನು ಎದ್ದು, ನನ್ನ ಮುಖ ನೋಡದೆ, ಹಲಗೆ ದಾಟಿ ದಡಕ್ಕೆ ಇಳಿದುಹೋದ.