ಐದು ಮೂಗಿನ ಸಾಕ್ಷಿ

ಮೆಟ್ಟಿಲಿನ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಹಾಕಿಕೊಂಡಿತು.

"ತಲೆ ಕಡೆ ಎತ್ರಿ, ತಲೆ ಕಡೆ!" ಮೇಲಿನ ಮೆಟ್ಟಿಲಿಂದ ಫೋರ್‌ಮನ್ ಕೂಗಿದ. ಕೆಲಸ ಬಿಟ್ಟು ಹದಿನಾಲ್ಕು ವರ್ಷವಾಗಿದ್ದರೂ ಅವನ ದನಿ ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ.

"ಎತ್ತಿದ್ರೆ ಗೋಡೆಗೆ ತಾಗುತ್ತೆ. ಇಳಿಸ್ಬೇಕು," ಅಂದ ಕೆಳಗಿದ್ದ ಎಲೆಕ್ಟ್ರಿಶಿಯನ್.

"ಎತ್ತೋದೋ ಇಳಿಸೋದೋ ಒಳಗಿರೋನನ್ನೇ ಕೇಳೋಣ."

"ಅವನನ್ನ ಕೇಳಿದ್ರೆ ಇಬ್ಬರಿಗೂ ಹೌದು ಅಂತಾನೆ."

ಪೆಟ್ಟಿಗೆ ಹೊತ್ತವರೆಲ್ಲ ಕಿಸಕ್ಕನೆ ನಕ್ಕರು. ಹಿಂದೆ ಸತ್ತವನ ಮಗಳು ನಿಂತಿರುವುದು ಕಂಡು ನಗುವನ್ನು ಅಲ್ಲೇ ನುಂಗಿದರು. ಅವಳು ಬೇಸರಪಡಲಿಲ್ಲ. ಅಪ್ಪನ ಅಡ್ಡಹೆಸರೇ ಹೌದಪ್ಪ. ಹಣ್ಣು ಕೆಡದಂತೆ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ, ಅಮೋನಿಯಾ ಗ್ಯಾಸಿನಿಂದ ಕೋಣೆ ತಂಪಾಗಿಸುವ ಕಂಪ್ರೆಸರ್ ನೋಡಿಕೊಂಡವನು. ರಜೆ ರದ್ದಾಯಿತು ಎಂದರೂ ಹೌದು ಸಾರ್, ಎರಡು ಪಾಳಿ ಒಟ್ಟಿಗೆ ಮಾಡು ಎಂದರೂ ಹೌದು ಸಾರ್. ಮನೆಯಲ್ಲೂ ಹಾಗೇ. ಹೆಂಡತಿ ಬದುಕಿದ್ದಾಗ, "ಹೌದಪ್ಪನ ಚಾವಡಿ ಇದು, ಇಲ್ಲಿ ಅಲ್ಲಪ್ಪನನ್ನ ಯಾರು ಕೇಳ್ತಾರೆ," ಎಂದು ಹಂಗಿಸುತ್ತಿದ್ದಳು. ಅದಕ್ಕೂ ಅವನು ಹೌದು ಅನ್ನುತ್ತಿದ್ದ.

ಕೊನೆಗೆ ಪೆಟ್ಟಿಗೆಯನ್ನು ಓರೆ ಮಾಡಿ ಇಳಿಸಿದರು. ನೆಲಮಹಡಿಯ ಹಾಲಿನಲ್ಲಿ ಎರಡು ಮೇಜು ಜೋಡಿಸಿ ಅದರ ಮೇಲಿಟ್ಟರು. ಮೂರು ಗಂಟೆಗೆ ವ್ಯಾನು ಬರುವುದಿತ್ತು.

ಒಂದೂವರೆಗೆ ಕೋಲ್ಡ್ ಸ್ಟೋರೇಜಿನ ಹಳೆಯ ಮ್ಯಾನೇಜರು ಬಂದರು. ಎಂಬತ್ತರ ಮುದುಕ, ಕೈಯಲ್ಲಿ ಕೋಲು. ಆದರೂ ಅವರು ಬಾಗಿಲಲ್ಲಿ ಕಂಡದ್ದೇ ತಡ, ಫೋರ್‌ಮನ್ ಎದ್ದು ನಿಂತ. ಅವನನ್ನು ನೋಡಿ ಎಲೆಕ್ಟ್ರಿಶಿಯನ್, ಅವನನ್ನು ನೋಡಿ ಉಳಿದವರು. ಅವರು ಯಾರೆಂದೇ ತಿಳಿಯದ ಪಕ್ಕದ ಮನೆಯ ಹೆಂಗಸೂ ಎದ್ದಳು. ಮುಂದಿನ ಕುರ್ಚಿ ಖಾಲಿಯಾಯಿತು.

"ಒಂದು ದಿನ ಎದುರು ಮಾತಾಡಿದವನಲ್ಲ," ಮ್ಯಾನೇಜರು ಪೆಟ್ಟಿಗೆಯತ್ತ ನೋಡುತ್ತ ಅಂದರು. "ಅಂಥವರು ಈಗ ಸಿಗಲ್ಲಮ್ಮ."

ಎಲ್ಲರೂ ತಲೆಯಾಡಿಸಿದರು. ಮಗಳೂ ಆಡಿಸಿದಳು.

ಅವಳ ಕಣ್ಣು ಬಾಗಿಲ ಕಡೆಗೇ ಇತ್ತು. ಎರಡು ಗಂಟೆಯ ಹೊತ್ತಿಗೆ ಆಟೋ ನಿಂತಿತು. ಕಪ್ಪು ಕನ್ನಡಕ ಹಾಕಿದ ದಪ್ಪನೆಯ ಹೆಂಗಸೊಬ್ಬಳು ಇಳಿದು, ಬಿಳಿ ಕೋಲಿನಿಂದ ಹೊಸ್ತಿಲು ತಡವಿದಳು. ಕೋಲ್ಡ್ ಸ್ಟೋರೇಜಿನಲ್ಲಿ ಹಣ್ಣು ಪ್ಯಾಕ್ ಮಾಡುತ್ತಿದ್ದ ಅವಳನ್ನು ಎಲ್ಲರೂ ಪ್ಯಾಕಿಂಗ್ ಅಕ್ಕ ಅನ್ನುತ್ತಿದ್ದರು.

"ಬನ್ನಿ ಅತ್ತೆ," ಮಗಳು ಓಡಿಹೋಗಿ ಕೈ ಹಿಡಿದಳು.

"ಎಲ್ಲಿದ್ದಾನೆ ನನ್ನ ತಮ್ಮ?"

ಅಪ್ಪ ಅವಳಿಗೆ ಒಡಹುಟ್ಟಿದ ತಮ್ಮನಲ್ಲ. ಆದರೆ ಇಪ್ಪತ್ತೆರಡು ವರ್ಷ ಒಂದು ಭಾನುವಾರವೂ ತಪ್ಪಿಸದೆ ಅವಳ ಮನೆಗೆ ಹೋಗುತ್ತಿದ್ದ. ನಲ್ಲಿ ಸೋರಿದರೆ ರಿಪೇರಿ ಮಾಡಿ, ಔಷಧಿ ತಂದಿಟ್ಟು, ಪೇಪರ್ ಓದಿ ಹೇಳಿ ಬರುತ್ತಿದ್ದ. ಯಾಕೆ ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಹೌದಪ್ಪ ಒಳ್ಳೆಯವನು, ಹೋಗುತ್ತಾನೆ, ಅಷ್ಟೆ.

*

ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ, ಚಹಾ ಕುಡಿಯುವ ಹೊತ್ತು. ಪ್ಯಾಕಿಂಗ್ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಮ್ಯಾನೇಜರ ಕೋಣೆಗೆ ಬಂದಳು.

"ಸಾರ್, ಮೂರನೇ ಕೋಣೇಲಿ ಅಮೋನಿಯಾ ವಾಸನೆ. ಕಣ್ಣು ಉರೀತಿದೆ. ಮಿಷಿನ್ ನಿಲ್ಲಿಸಿ ನೋಡಿಸಿ."

ಮಿಷಿನ್ ನಿಲ್ಲಿಸಿದರೆ ಸಂಜೆಯ ಲೋಡು ತಪ್ಪುತ್ತಿತ್ತು. ಮ್ಯಾನೇಜರು ರೇಗಲಿಲ್ಲ. ಫೋರ್‌ಮನ್, ಎಲೆಕ್ಟ್ರಿಶಿಯನ್, ಲಾರಿ ಡ್ರೈವರ್, ಹೌದಪ್ಪ, ನಾಲ್ವರನ್ನೂ ಕರೆದುಕೊಂಡು ತಾವೇ ಮೂರನೇ ಕೋಣೆಯ ಬಾಗಿಲಿಗೆ ಹೋದರು. ಜೋರಾಗಿ ಒಮ್ಮೆ ಉಸಿರೆಳೆದುಕೊಂಡರು.

"ನನಗೇನೂ ಬರ್ತಿಲ್ಲಪ್ಪ. ನಿನಗೆ?"

"ಇಲ್ಲ ಸಾರ್," ಅಂದ ಫೋರ್‌ಮನ್.

"ನಿನಗೆ?"

ಎಲೆಕ್ಟ್ರಿಶಿಯನ್ ಫೋರ್‌ಮನ್ ಮುಖ ನೋಡಿದ. "ಇಲ್ಲ ಸಾರ್."

"ನಾನು ಬೀಡಿ ಸೇದೋನು, ನನಗೆಲ್ಲಿ ವಾಸನೆ," ಅಂದ ಡ್ರೈವರ್. ಎಲ್ಲರೂ ನಕ್ಕರು.

ಹೌದಪ್ಪನ ಸರದಿ ಬಂತು. ವಾಸನೆ ಸೂಜಿಯ ಹಾಗೆ ಅವನ ಮೂಗಿಗೆ ನಾಟಿತ್ತು. ಕಂಪ್ರೆಸರ್ ನೋಡುವವನು ಅವನು; ಅವನ ಮಾತಿಗೆ ಉಳಿದವರ ಮಾತಿಗಿಂತ ತೂಕ ಹೆಚ್ಚು. ಅಕ್ಕ ಅವನನ್ನೇ ನೋಡುತ್ತಿದ್ದಳು. ಉಳಿದವರೂ ನೋಡುತ್ತಿದ್ದರು.

"ಇಲ್ಲ ಸಾರ್."

"ನೋಡಮ್ಮ," ಮ್ಯಾನೇಜರು ಮೆಲ್ಲಗೆ ಅಂದರು, "ಐದು ಮೂಗು ಒಂದು ಕಡೆ, ನಿನ್ನದೊಂದೇ ಒಂದು ಕಡೆ."

ಅವಳಿಗೂ ನಗು ಬಂತು. "ನೆಗಡಿ ಇರ್ಬೇಕು ಸಾರ್," ಎಂದು ತಳ್ಳುಗಾಡಿ ಹಿಡಿದು ಒಳಗೆ ಹೋದಳು. ಅರ್ಧ ಗಂಟೆಯಲ್ಲಿ ಪೈಪಿನ ಕೀಲು ಬಾಯಿ ಬಿಟ್ಟಿತು. ಅವಳನ್ನು ಎಳೆದು ಹೊರಗೆ ತಂದಾಗ ಎರಡೂ ಕಣ್ಣು ಬೆಂದುಹೋಗಿದ್ದವು.

ಅವಳ ತಳ್ಳುಗಾಡಿ ಗುದ್ದಿ ಪೈಪು ಒಡೆಯಿತು, ಅದಕ್ಕೆ ಮೊದಲು ಯಾವ ವಾಸನೆಯೂ ಇರಲಿಲ್ಲ ಎಂದು ವರದಿ ತಯಾರಾಯಿತು. ಐವರೂ ಸಹಿ ಹಾಕಿದರು.

*

ಇದನ್ನೆಲ್ಲ ಅಪ್ಪ ಮಗಳಿಗೆ ಹೇಳಿದ್ದು ಹೋದ ವಾರ, ಆಸ್ಪತ್ರೆಯ ಮಂಚದ ಮೇಲೆ.

"ಎಲ್ಲರ ಕಣ್ಣೂ ಕೆಂಪಾಗಿತ್ತು ಮಗಳೇ. ಫೋರ್‌ಮನ್ ಕಣ್ಣಲ್ಲಿ ನೀರು ಸುರೀತಿತ್ತು. ಒಬ್ಬರ ಕಣ್ಣು ಒಬ್ಬರು ನೋಡ್ತಾನೇ ವಾಸನೆ ಇಲ್ಲ ಅಂದ್ವಿ."

"ಯಾಕಪ್ಪ? ಕೆಲಸದಿಂದ ತೆಗೀತಿದ್ರಾ?"

"ಇಲ್ಲ. ತೆಗೀತಿರಲಿಲ್ಲ. ಬೈತಾನೂ ಇರಲಿಲ್ಲ. ಅದೇ ನನಗೂ ಗೊತ್ತಾಗಲ್ಲ." ಆಮೇಲೆ ಗೋಡೆಯ ಕಡೆ ತಿರುಗಿ, "ಜೀವಮಾನವೆಲ್ಲ ಹೌದು ಹೌದು ಅಂದೆ. ಹೌದು ಅನ್ನಬೇಕಾದ ದಿನ ಇಲ್ಲ ಅಂದ್ಬಿಟ್ಟೆ," ಅಂದ.

"ಅತ್ತೆಗೆ ಹೇಳ್ಬಿಡು. ಫೋನ್ ಹಚ್ಚಿಕೊಡ್ತೀನಿ."

ಹಚ್ಚಿಕೊಟ್ಟಳು. ಆ ಕಡೆಯಿಂದ ಅಕ್ಕನ ದನಿ ಬಂತು. ಅಪ್ಪನ ತುಟಿ ಎರಡು ಸಲ ಅಲುಗಿತು.

"ಅಕ್ಕ, ಊಟ ಆಯ್ತಾ?" ಅಂದ. ಆಯ್ತು ಅಂದಳೇನೋ. "ಸರಿ ಹಾಗಾದ್ರೆ," ಎಂದು ಫೋನು ಕೆಳಗಿಟ್ಟ.

"ನಾನು ಹೋದ ಮೇಲೆ ನೀನೇ ಹೇಳು. ಹೇಳ್ತೀಯಲ್ಲ?"

"ಹೂಂ," ಅಂದಿದ್ದಳು ಮಗಳು.

*

ಅಕ್ಕ ಪೆಟ್ಟಿಗೆಯ ಅಂಚು ಹಿಡಿದು ನಿಂತಿದ್ದಳು. ಅಳಲಿಲ್ಲ. ಮಗಳು ಅವಳ ಕಿವಿಯ ಹತ್ತಿರ ಬಾಗಿ, "ಅತ್ತೆ, ಒಂದು ಮಾತು..." ಅನ್ನುವಷ್ಟರಲ್ಲಿ ಅಕ್ಕನೇ ತಲೆಯೆತ್ತಿದಳು.

"ಯಾರ್ಯಾರಿದ್ದೀರಿ ಇಲ್ಲಿ? ಫೋರ್‌ಮನ್ ಬಂದಿದ್ದಾನಾ?"

"ಇದ್ದೀನಕ್ಕ."

"ನಾನೂ ಇದ್ದೀನಿ," ಅಂದ ಎಲೆಕ್ಟ್ರಿಶಿಯನ್. "ಸಾಹೇಬರೂ ಬಂದಿದ್ದಾರೆ. ಡ್ರೈವರ್ ಹೋಗಿ ಆರು ವರ್ಷ ಆಯ್ತು."

"ಹಾಗಾದ್ರೆ ಉಳಿದವರೆಲ್ಲ ಇದ್ದೀರಿ. ಒಂದು ಕೇಳ್ತೀನಿ. ಇವನಿದ್ದಾಗ ಕೇಳಲಿಲ್ಲ, ನೊಂದ್ಕೋತಾನೆ ಅಂತ. ನನಗೆ ಯಾರ ಮೇಲೂ ದೂರಿಲ್ಲ. ಕೋರ್ಟಿಗೆ ಹೋಗೋ ವಯಸ್ಸೂ ಅಲ್ಲ. ಅವತ್ತು ಗಾಡಿ ಗುದ್ದಿದ್ದು ನನಗೆ ನೆನಪೇ ಇಲ್ಲ. ವಾಸನೆ ನೆನಪಿದೆ. ವಾಸನೆ ಇತ್ತೋ ಇಲ್ವೋ, ಅದೊಂದು ಹೇಳಿ. ನನ್ನ ತಲೆ ಸರಿಯಿತ್ತು ಅಂತ ಗೊತ್ತಾದ್ರೆ ಸಾಕು."

ಫೋರ್‌ಮನ್ ಮ್ಯಾನೇಜರ ಕಡೆ ನೋಡಿದ. ಅವರು ಕೋಲಿನ ತುದಿ ನೋಡುತ್ತಿದ್ದರು.

"ಇಪ್ಪತ್ತೆರಡು ವರ್ಷದ ಹಿಂದಿನ ಮಾತು," ಅಂದರು ಮ್ಯಾನೇಜರು. "ನನಗಂತೂ ಬಂದಿರಲಿಲ್ಲ."

"ಇರಲಿಲ್ಲ ಅಕ್ಕ," ಅಂದ ಫೋರ್‌ಮನ್.

ಎಲೆಕ್ಟ್ರಿಶಿಯನ್ ಗಂಟಲು ಸರಿಮಾಡಿಕೊಂಡ. ಅವನ ಮುಖದಲ್ಲಿ ಏನೋ ಕದಡಿದಂತಾಗಿ, ಮತ್ತೆ ತಿಳಿಯಾಯಿತು. "ಇಲ್ಲಕ್ಕ. ಇರಲಿಲ್ಲ."

ಅಕ್ಕ ಮಗಳ ಕೈಗಾಗಿ ತಡಕಾಡಿದಳು. "ನಿಮ್ಮಪ್ಪ ಯಾವತ್ತಾದ್ರೂ ಏನಾದ್ರೂ ಅಂದಿದ್ನಾ ಮಗಳೇ?"

ಅಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಯಾರ ಮುಖದಲ್ಲೂ ಬೆದರಿಕೆ ಇರಲಿಲ್ಲ. ಬೆಳಿಗ್ಗೆಯಿಂದ ಕುರ್ಚಿ ಹಾಕಿದವರು, ಪೆಟ್ಟಿಗೆ ಹೊತ್ತವರು, ಅವಳು ಚಿಕ್ಕವಳಿದ್ದಾಗ ಎತ್ತಿ ಆಡಿಸಿದವರು. ಸುಮ್ಮನೆ ಕಾಯುತ್ತಿದ್ದರು, ಅಷ್ಟೆ. ಹೇಳಿದರೆ ಏನೂ ಆಗುತ್ತಿರಲಿಲ್ಲ. ಅಪ್ಪ ಗೋಡೆಯ ಕಡೆ ತಿರುಗಿದ್ದು ಯಾಕೆಂದು ಅವಳಿಗೆ ಈಗ ತಿಳಿಯಿತು.

"ಇಲ್ಲ ಅತ್ತೆ. ಏನೂ ಅಂದಿರಲಿಲ್ಲ."

ಯಾರೋ ಉಸಿರು ಬಿಟ್ಟರು. ಅಕ್ಕ ತಲೆಯಾಡಿಸಿದಳು, ಕಷ್ಟದ ಲೆಕ್ಕವನ್ನು ಯಾರೋ ಬಿಡಿಸಿ ತೋರಿಸಿದಾಗ ಆಡಿಸುವ ಹಾಗೆ.

"ಹಾಗಾದ್ರೆ ನನ್ನದೇ ಭ್ರಮೆ. ಇಷ್ಟು ಜನ ಸುಳ್ಳು ಹೇಳ್ತೀರಾ? ಪಾಪ, ಮನಸ್ಸಿನೊಳಗೇ ನಿಮ್ಮನ್ನೆಲ್ಲ ಎಷ್ಟು ಬೈದ್ಕೊಂಡಿದ್ದೆ. ತಪ್ಪಾಯ್ತು."

"ಛೆ, ಬಿಡಕ್ಕ," ಅಂದ ಫೋರ್‌ಮನ್. ಅವನ ದನಿ ಒಡೆದಿತ್ತು.

ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ಪಕ್ಕದ ಮನೆಯ ಹೆಂಗಸು ಬುಟ್ಟಿ ಹಿಡಿದು, ಪೆಟ್ಟಿಗೆಯ ಮೇಲಿಡಲೆಂದು ಒಬ್ಬೊಬ್ಬರ ಕೈಗೂ ಒಂದೊಂದು ಹೂವು ಕೊಡುತ್ತ ಬಂದಳು. ಅಕ್ಕನ ಕೈಗೆ ಬಂದದ್ದು ಅರಳಿದ ಸುಗಂಧರಾಜದ ಕಡ್ಡಿ. ಅವಳು ಅದನ್ನು ಮೂಗಿನ ಹತ್ತಿರ ತಂದಳು. ದೂರ ಹಿಡಿದಳು. ಮತ್ತೆ ಹತ್ತಿರ ತಂದು ಉಸಿರೆಳೆದಳು. ಹಾಲಿನ ತುಂಬ ಅದೇ ಪರಿಮಳ ತುಂಬಿತ್ತು.

ಅವಳು ಮಗಳ ಕಡೆ ಬಾಗಿ, ಬೇರೆಯವರಿಗೆ ಕೇಳಬಾರದೆಂಬಂತೆ ಸಣ್ಣ ದನಿಯಲ್ಲಿ ಕೇಳಿದಳು:

"ಇದಕ್ಕೆ ವಾಸನೆ ಇದೆಯಾ ಮಗಳೇ?"